ಮಚ್ಚು ಝಳಪಿಸದ ರೌಡಿ ಸಿನಿಮಾ

ಬೆಂಗಳೂರಿನ ಭೂಗತ ಲೋಕದ ಸಿನಿಮಾ ಎಂದರೆ ಜನರ ಬಾಯಲ್ಲಿ ಮೊದಲು ಬರುವುದು ‘ಓಂ’. 1995ರಲ್ಲಿ ಉಪೇಂದ್ರ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿ ತೆಗೆದ ಚಿತ್ರ ಅದು. ಮತ್ತೆ ಮತ್ತೆ ತೆರೆ ಕಂಡಿದೆ. ಅದೇ ಮಾತಿನ ನಡುವೆ ಯಾರಾದರೂ 2007ರ ‘ಆ ದಿನಗಳು’ ಹೆಸರೆತ್ತಿದರೆ, ‘ಹಾಡು ಚೆನ್ನಾಗಿತ್ತು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಇಳಯರಾಜ ಕೊಟ್ಟ ಹಾಡುಗಳು ಚೆನ್ನಾಗಿರುವುದು ನಿಜವೇ. ಆದರೆ ಕೆ.ಎಂ. ಚೈತನ್ಯ ಅವರ ಈ ಮೊದಲ ಕಥಾಚಿತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಇನ್ನೂ ಪೂರ್ತಿ ಸಂದಿಲ್ಲ ಎಂದೇ ನನ್ನ ನಂಬಿಕೆ.

ಅಗ್ನಿ ಶ್ರೀಧರ್ ಅವರ ಆತ್ಮಕಥನ ‘ದಾದಾಗಿರಿಯ ದಿನಗಳು’ ಇದಕ್ಕೆ ಮೂಲ. ಚಿತ್ರಕಥೆಯಲ್ಲಿ ಶ್ರೀಧರ್ ಜೊತೆ ಗಿರೀಶ ಕಾರ್ನಾಡರೂ ಇದ್ದಾರೆ. 1980ರ ದಶಕದ ಬೆಂಗಳೂರು. ಒಂದು ಕಡೆ ರೌಡಿ ಕೊತ್ವಾಲ್ ರಾಮಚಂದ್ರ, ಇನ್ನೊಂದು ಕಡೆ ಅವನ ಎದುರಾಳಿ ಜಯರಾಜ್. ಉಳ್ಳವರ ಮನೆಯ ಹುಡುಗನೊಬ್ಬನ ಪ್ರೀತಿಯ ವಿಷಯಕ್ಕೆ ಕೊತ್ವಾಲ ಕೈ ಹಾಕುತ್ತಾನೆ, ಅಲ್ಲಿಂದ ಅವನನ್ನೇ ಕೊಲ್ಲುವ ಸಂಚು ಬೆಳೆಯುತ್ತದೆ. ಇಲ್ಲಿ ಒಬ್ಬನೇ ನಾಯಕನಿಲ್ಲ. ಚೇತನ್‌ ಪ್ರೇಮಿಯ ಅಳುಕನ್ನು, ಅತುಲ್ ಕುಲಕರ್ಣಿ ಸಂಚುಗಾರ ಶ್ರೀಧರನ ತಾಳ್ಮೆಯನ್ನು, ಆಶಿಶ್ ವಿದ್ಯಾರ್ಥಿ ಹಳೆಯ ಹುಲಿ ಜಯರಾಜನ ಗತ್ತನ್ನು ಹೊತ್ತುಕೊಂಡಿದ್ದಾರೆ. ಎಲ್ಲರ ಮೇಲೂ ಹಬ್ಬಿರುವುದು ಮಾತ್ರ ಶರತ್ ಲೋಹಿತಾಶ್ವರ ಕೊತ್ವಾಲ. ಅವನು ಕೂತಲ್ಲೇ ಕೂತು, ದನಿ ಎತ್ತದೆ ಮಾತಾಡುತ್ತಾನೆ. ಎದುರಿಗಿದ್ದವನ ಗಂಟಲು ಒಣಗುವುದು ನಮಗೆ ಕಾಣುತ್ತದೆ. ತೋಟದ ಮನೆಯ ಭಾಗವನ್ನೇ ನೋಡಿ. ಕೊಲ್ಲಲು ಬಂದವರು ಅವನ ಆಪ್ತರಂತೆ ಜೊತೆಗಿದ್ದು ಸಮಯ ಕಾಯುತ್ತಾರೆ. ಅವನಿಗೆ ಅನುಮಾನ ಬಂತೇ, ಬರಲಿಲ್ಲವೇ? ಆ ಒಂದು ಪ್ರಶ್ನೆಯ ಮೇಲೆ ಇಡೀ ದೃಶ್ಯ ನಿಂತಿದೆ.

‘ರೌಡಿಸಂ ಸಿನಿಮಾ ಅಂತೀರಾ, ಫೈಟೇ ಇಲ್ವಲ್ಲ’ ಎಂಬುದು ನೋಡುಗರ ದೊಡ್ಡ ದೂರು. ಇದನ್ನು ನಾನು ಒಪ್ಪಲಾರೆ. ರೌಡಿಸಂ ಬೆಳೆಯುವುದು ಏಟಿಗಿಂತ ಏಟಿನ ಭಯದಿಂದ. ಆ ಭಯವನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕನ್ನಡ ಚಿತ್ರ ನನಗೆ ನೆನಪಾಗುತ್ತಿಲ್ಲ. ಪ್ರೇಮದ ಭಾಗ ಎಳೆದಿದೆ, ಹುಡುಗಿಗೆ ಕಥೆಗೊಂದು ನೆಪವಾಗುವುದಕ್ಕಿಂತ ಹೆಚ್ಚಿನ ಕೆಲಸವಿಲ್ಲ ಎನ್ನುವವರ ಮಾತು ಸರಿ. ಮೂರನೆಯ ಆಕ್ಷೇಪ ಇನ್ನೂ ತೂಕದ್ದು: ಕೊಲೆಯ ಸಂಚಿನಲ್ಲಿ ಇದ್ದವರೇ ಬರೆದ ಕಥೆ, ಹಾಗಾಗಿ ಶ್ರೀಧರನ ಪಾತ್ರ ಯೋಚನಾವಂತನಾಗಿ, ತಪ್ಪೇ ಮಾಡದವನಂತೆ ಕಾಣುತ್ತದೆ ಎಂಬುದು. ಹೌದು, ಚಿತ್ರ ಅವನನ್ನು ಗಟ್ಟಿಯಾಗಿ ಪ್ರಶ್ನಿಸುವುದಿಲ್ಲ. ಕೊತ್ವಾಲನ ಮೇಲೆ ಹಾಯಿಸಿದ ಬೆಳಕನ್ನು ಅವನ ಮೇಲೂ ಹಾಯಿಸಿದ್ದರೆ ಇದು ಇನ್ನೂ ದೊಡ್ಡ ಕೃತಿಯಾಗುತ್ತಿತ್ತು.

ನನ್ನ ಸ್ವಂತ ಕೊರಗು ಬೇರೆ. ದಂಡು (ಕಂಟೋನ್ಮೆಂಟ್) ಪ್ರದೇಶದ ಶಿವಾಜಿನಗರ, ಹಲಸೂರಿನ ಹಳಬರಿಗೆ ಇದು ‘ಸಿಟಿ ಕಡೆ ಕಥೆ’. ಜಯರಾಜನ ನೆಲೆ ತಿಗಳರಪೇಟೆ. ದಂಡು ಪ್ರದೇಶ ಅದಕ್ಕೆ ಹೊರಗು. 1949ರಲ್ಲಿ ಸಿಟಿಯೂ ದಂಡೂ ಒಂದೇ ಕಾರ್ಪೊರೇಷನ್‌ಗೆ ಸೇರಿದವು, ಸಿನಿಮಾದ ಮಟ್ಟಿಗೆ ಮಾತ್ರ ಸೇರಲಿಲ್ಲ. ಕನ್ನಡ ಚಿತ್ರಗಳ ವೈಭವವೆಲ್ಲ ಕೆಂಪೇಗೌಡ ರಸ್ತೆಯಲ್ಲಿತ್ತು, ಎಂ.ಜಿ. ರೋಡಿನ ಪ್ಲಾಜಾ, ಬ್ರಿಗೇಡ್ ರೋಡಿನ ರೆಕ್ಸ್ ಇಂಗ್ಲಿಷಿಗೆ ಹೆಸರಾದವು, ಹಲಸೂರಿನ ಕಡೆ ತಮಿಳಿನ ಓಟವೇ ಜೋರಾಗಿತ್ತು. ಹೀಗಾಗಿ ದಖ್ಖನಿಯಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಬೈದು, ಕನ್ನಡದಲ್ಲಿ ರಾಜಿಯಾಗುವ ಈ ಬೀದಿಗಳ ಮಂದಿ ನಮ್ಮ ಚಿತ್ರಗಳಲ್ಲಿ ಬಹುಪಾಲು ನಾಯಕನ ಪಕ್ಕ ನಿಂತು ಹರಕುಮುರುಕು ಕನ್ನಡದಲ್ಲಿ ನಗಿಸುವವರಾಗಿಯೇ ಉಳಿದರು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಸುತ್ತ ಹುಟ್ಟಿ ಬೆಳೆದವನಿಗೂ ಅವನದೇ ಭಯ, ಅವನದೇ ಲೆಕ್ಕಾಚಾರ ಇರುತ್ತದೆ ಎಂದು ಗಂಭೀರವಾಗಿ ಯೋಚಿಸಿದ ಚಿತ್ರಕಥೆಗಳು ತೀರಾ ಕಡಿಮೆ.

ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಮೆಟ್ರೋದಲ್ಲಿ ಮೊಬೈಲಿನಲ್ಲೇ ಸಿನಿಮಾ ನೋಡುವ ಹುಡುಗರಿಗೆ ಸಿಟಿ, ದಂಡು ಎಂಬ ಆ ಹಳೆಯ ಗೆರೆ ಗೊತ್ತಿಲ್ಲ. ಮಲಯಾಳಂ, ತಮಿಳಿನ ಅಪರಾಧ ಚಿತ್ರಗಳನ್ನು ಸೂಕ್ಷ್ಮವಾಗಿ ನೋಡಿ ಪಳಗಿದ ಕಣ್ಣು ಅವರದು. ‘ಆ ದಿನಗಳು’ ಚಿತ್ರವನ್ನು ಮೊದಲ ಸಲ ನೋಡಲು ಇವರಿಗಿಂತ ಒಳ್ಳೆಯ ಪ್ರೇಕ್ಷಕರಿಲ್ಲ. ಇನ್ನು ದಂಡಿನ ಕಡೆಯ ‘ಆ ದಿನಗಳು’ ಬರಬೇಕಾದರೆ, ಅಲ್ಲಿನ ಗಲ್ಲಿಗಳನ್ನು ಬಲ್ಲವರೊಬ್ಬರು ಮೊದಲು ಕನ್ನಡದಲ್ಲಿ ಅಂಥದೊಂದು ಪುಸ್ತಕ ಬರೆಯಬೇಕು, ತಮ್ಮ ಪಾಲಿನ ತಪ್ಪನ್ನೂ ಬಿಡದೆ.