ಕ್ಲೀನ್‌ರೂಮಿಗೆ ಹೋಗದೆ ಕ್ವಾಂಟಮ್ ಕಲಿಯಬಹುದೇ?

ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ಹೊರಗಿನವರಿಗೆ ಮುಟ್ಟಲು ಬಿಡುವ ಪ್ರಯೋಗಾಲಯಗಳು ನಮ್ಮಲ್ಲಿ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆಯಲ್ಲಿ 2008ರಲ್ಲಿ ಶುರುವಾದ ನ್ಯಾನೊ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ, ಅಂದರೆ ಐಎನ್‌ಯುಪಿ, ಆ ಬಾಗಿಲು ತೆರೆಯಿತು. ಖರ್ಚು ಕೇಂದ್ರ ಸರ್ಕಾರದ್ದು. ಮೊದಲು ಪರಿಚಯ ಶಿಬಿರ, ಆಮೇಲೆ ಧೂಳು ಸುಳಿಯದ ಕ್ಲೀನ್‌ರೂಮಿನಲ್ಲಿ ಕೈಯಾರೆ ಕೆಲಸ, ಪ್ರಸ್ತಾವ ಒಪ್ಪಿಗೆಯಾದರೆ ಸ್ವಂತ ಪ್ರಾಜೆಕ್ಟ್. ಸಣ್ಣ ಊರಿನ ಕಾಲೇಜಿನ ಸಂಶೋಧಕರಿಗೂ ಇದು ದಕ್ಕಿತು ಎಂಬುದೇ ಯೋಜನೆಯ ನಿಜವಾದ ಗಳಿಕೆ.

ಒಳಗೆ ಕಲಿಯುವುದೇನು? ತಿರುಗುವ ಸಿಲಿಕಾನ್ ವೇಫರ್ (ತೆಳು ಬಿಲ್ಲೆ) ಮೇಲೆ ಬೆಳಕಿಗೆ ಸ್ಪಂದಿಸುವ ಫೋಟೊರೆಸಿಸ್ಟ್ ದ್ರವ ತೆಳ್ಳಗೆ ಹರಡಿಕೊಳ್ಳುತ್ತದೆ. ಒಂದೇ ಒಂದು ಧೂಳಿನ ಕಣ ಕೂತಿದ್ದರೂ ಅದರ ಹಿಂದೆ ಧೂಮಕೇತುವಿನ ಬಾಲದಂಥ ಗೀರು. ಬೆಳಕಿನಿಂದ ಬರೆದ ಗೆರೆಗಳನ್ನು ಮೂಡಿಸುವ ಡೆವಲಪರ್ ದ್ರವದಲ್ಲಿ ತುಸು ಹೊತ್ತು ಹೆಚ್ಚಾಯಿತೋ, ಆ ಗೆರೆಗಳೇ ಮಾಯ. ಸ್ಲೈಡ್ ತೋರಿಸಿ ಕಲಿಸುವ ವಿದ್ಯೆಯಲ್ಲ ಇದು. ಆದರೆ ಕೆಲವೇ ದಿನಗಳ ಶಿಬಿರದಲ್ಲಿ ಮೊದಲೇ ಪಳಗಿದ ಪಾಕವನ್ನೇ ಕೊಡುವುದು ಸಹಜ. ಎಲ್ಲವೂ ಸರಿಯಾಗಿಯೇ ಬರುತ್ತದೆ. ಕೆಟ್ಟ ವೇಫರ್ ಕೈಗಿಟ್ಟು ‘ಯಾಕೆ ಕೆಟ್ಟಿತು, ಹೇಳಿ’ ಎಂದು ಕೇಳುವ ಒಂದು ದಿನ ಬೇಕಿತ್ತು. ಊರಿಗೆ ಮರಳಿದವರಿಗೆ ಉಳಿಯುವುದು ಹೆಚ್ಚಾಗಿ ಪ್ರಮಾಣಪತ್ರ. ಅಲ್ಲಿ ಯಂತ್ರ ಎಲ್ಲಿದೆ?

ನ್ಯಾನೊ ತರಬೇತಿಯ ಕತೆ ಇದಾದರೆ, ಈಗ ಎಲ್ಲರ ಬಾಯಲ್ಲೂ ಕ್ವಾಂಟಮ್. 2023ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಆರು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣವಿದೆ. ಕಾಲೇಜುಗಳ ಕಾರ್ಯಾಗಾರಗಳು ಮಾತ್ರ ಬಹುಪಾಲು ಲ್ಯಾಪ್‌ಟಾಪ್‌ನಲ್ಲೇ ಮುಗಿಯುತ್ತವೆ. ಕಿಸ್ಕಿಟ್ ಎಂಬ ಕ್ವಾಂಟಮ್ ತಂತ್ರಾಂಶದಲ್ಲಿ ನಾಲ್ಕು ಗೇಟ್ ಜೋಡಿಸು, ಚಿತ್ರ ತೆಗೆ, ಫೋಟೊ ಹೊಡೆಸಿಕೊ. ಹಾಗೆಂದು ತಳ್ಳಿಹಾಕುವಂತಿಲ್ಲ: 2016ರಲ್ಲಿ ಐಬಿಎಂ ಐದು ಕ್ಯೂಬಿಟ್‌ಗಳ (ಕ್ವಾಂಟಮ್ ಬಿಟ್‌ಗಳ) ಯಂತ್ರವನ್ನು ಅಂತರ್ಜಾಲಕ್ಕೆ ಬಿಟ್ಟದ್ದರಿಂದ ಎಷ್ಟೋ ವಿದ್ಯಾರ್ಥಿಗಳು ನಿಜವಾದ ಕ್ಯೂಬಿಟ್‌ನ ಗದ್ದಲವನ್ನು, ಅಂದರೆ ಲೆಕ್ಕ ಕೆಡಿಸುವ ನಾಯ್ಸನ್ನು, ಕಂಡರು.

ಆದರೂ ಆ ಗದ್ದಲ ಹುಟ್ಟುವ ಜಾಗ ಬೇರೆ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ನ ಜೀವಾಳ ಜೋಸೆಫ್‌ಸನ್ ಸಂಧಿ: ಎರಡು ಅಲ್ಯೂಮಿನಿಯಂ ಪದರ, ನಡುವೆ ಒಂದೆರಡು ನ್ಯಾನೊಮೀಟರ್ ಆಕ್ಸೈಡ್. ಅದರ ವಿನ್ಯಾಸವನ್ನು ಬರೆಯುವುದು ಕ್ಲೀನ್‌ರೂಮಿನ ಎಲೆಕ್ಟ್ರಾನ್ ಕಿರಣ ಯಂತ್ರ. ಅಳೆಯುವುದು ಹತ್ತಿಪ್ಪತ್ತು ಮಿಲಿಕೆಲ್ವಿನ್‌ನಷ್ಟು ತಣ್ಣಗಿನ ಫ್ರಿಜ್‌ನಲ್ಲಿ. ನ್ಯಾನೊ ತರಬೇತಿ ಒಂದು ಕಡೆ, ಕ್ವಾಂಟಮ್ ತರಬೇತಿ ಇನ್ನೊಂದು ಕಡೆ ನಡೆಯುವುದಕ್ಕೆ ವಿಜ್ಞಾನದಲ್ಲಿ ಕಾರಣವಿಲ್ಲ, ಅನುದಾನದ ಕಡತಗಳಲ್ಲಿ ಇರಬಹುದು. ಐಎನ್‌ಯುಪಿಯ ಮೂರನೆಯ ಮೆಟ್ಟಿಲಾದ ಸ್ವಂತ ಪ್ರಾಜೆಕ್ಟ್‌ನಲ್ಲೇ ಸಂಧಿ ಮಾಡಿಸಿ, ಅಳೆಯಿಸಿ ಕಳಿಸಬಹುದು. ಆ ಫ್ರಿಜ್‌ನ ಪಂಪು, ಕೇಬಲ್ಲು, ಸೋರಿಕೆ ನೋಡಿಕೊಳ್ಳಲು ಡಿಪ್ಲೊಮಾ ಓದಿದ ಹುಡುಗ ಹುಡುಗಿಯರೂ ಬೇಕು. ಪಿಎಚ್‌ಡಿಗಳನ್ನೇ ಎಣಿಸುವ ಚರ್ಚೆಗಳಲ್ಲಿ ಅವರ ಮಾತು ಕೇಳಿಬರುವುದು ಕಡಿಮೆ.