ಹುಲಿಯ ಹಿಕ್ಕೆಯೂ ಕೈ-ಸ್ಕ್ವೇರ್ ತೀರ್ಪೂ

ಹುಲಿ ಸಿಕ್ಕಿದ್ದನ್ನು ತಿನ್ನುತ್ತದೆಯೋ, ಆರಿಸಿ ತಿನ್ನುತ್ತದೆಯೋ? ಬಂಡೀಪುರ, ನಾಗರಹೊಳೆಗಳಲ್ಲಿ ಇದಕ್ಕೆ ಉತ್ತರ ಹುಡುಕಿದವರು ಹುಲಿಗಿಂತ ಅದರ ಹಿಕ್ಕೆಯನ್ನೇ ಹೆಚ್ಚು ನೆಚ್ಚಿಕೊಂಡರು. ಹಿಕ್ಕೆಯಲ್ಲಿರುವ ಕೂದಲು ನೋಡಿ ಜಿಂಕೆಯೋ ಕಡವೆಯೋ ಕಾಟಿಯೋ ಎಂದು ಗುರುತಿಸುವುದು, ಕಾಡಿನಲ್ಲಿ ಆ ಪ್ರಾಣಿಗಳು ಇರುವ ಪ್ರಮಾಣಕ್ಕೆ ತಾಳೆ ಹಾಕುವುದು. ತಾಳೆಯಾಗದಿದ್ದರೆ ತೀರ್ಪಿಗೆ ಎರಡು ಪರೀಕ್ಷೆಗಳಿವೆ: ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ಸ್ಕ್ವೇರ್, ಇನ್ನೊಂದು ಲೈಕ್ಲಿಹುಡ್ ರೇಶಿಯೊ.

ಲೆಕ್ಕಕ್ಕೆಂದು ಒಂದು ಕಲ್ಪಿತ ಉದಾಹರಣೆ. ನೂರು ಹಿಕ್ಕೆಗಳಲ್ಲಿ ಜಿಂಕೆ 60, ಕಡವೆ 25, ಕಾಟಿ 15 ಇರಬೇಕೆಂದು ನಿರೀಕ್ಷೆ. ಸಿಕ್ಕಿದ್ದು 48, 27, 25. ಪ್ರತಿ ವ್ಯತ್ಯಾಸವನ್ನೂ ವರ್ಗ ಮಾಡಿ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿದರೆ ಕೈ-ಸ್ಕ್ವೇರ್ 9.23. ಲಾಗರಿತಮ್ ಹಿಡಿದು ಲೈಕ್ಲಿಹುಡ್ ರೇಶಿಯೊ ಮಾಡಿದರೆ 8.28. ಶೇ 5ರ ಮಟ್ಟದಲ್ಲಿ ಗಡಿ 5.99. ಎರಡೂ ಗಡಿ ದಾಟಿದವು. ಹುಲಿ ಆರಿಸುತ್ತದೆ ಎಂದು ಬರೆದುಬಿಡಬಹುದು. 9.23ರಲ್ಲಿ 6.67 ಕಾಟಿಯೊಂದರಿಂದಲೇ ಬಂದದ್ದು. ಒಟ್ಟು ಮೊತ್ತಕ್ಕಿಂತ ಇದು ಹೆಚ್ಚು ಮಾತಾಡುತ್ತದೆ, ಆದರೆ ಎಷ್ಟೋ ವರದಿಗಳು ಮೊತ್ತವನ್ನಷ್ಟೇ ಅಚ್ಚು ಹಾಕಿ ಸುಮ್ಮನಾಗುತ್ತವೆ.

ಎರಡರಲ್ಲಿ ಯಾವುದು ಮೇಲು ಎಂಬ ಜಗಳ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಮಾದರಿ ದೊಡ್ಡದಾದರೆ ಎರಡೂ ಒಂದೇ ಕೈ-ಸ್ಕ್ವೇರ್ ಕೋಷ್ಟಕಕ್ಕೆ ಬರುತ್ತವೆ. ಲೈಕ್ಲಿಹುಡ್ ರೇಶಿಯೊ ಹಾಗೆ ಬರುವುದನ್ನು ಸಂಖ್ಯಾಶಾಸ್ತ್ರಜ್ಞ ವಿಲ್ಕ್ಸ್ 1938ರಲ್ಲೇ ತೋರಿಸಿದ್ದ. ಮುಸುವದಂಥ ಪ್ರಾಣಿಯ ನಿರೀಕ್ಷಿತ ಸಂಖ್ಯೆ ಎರಡೋ ಮೂರೋ ಆದಾಗ ಎರಡನ್ನೂ ಅನುಮಾನಿಸಬೇಕು. ಅಸಲು ತೊಡಕು ಇನ್ನೊಂದೆಡೆ ಇದೆ. ಎರಡೂ ಪರೀಕ್ಷೆಗಳು ಪ್ರತಿ ಹಿಕ್ಕೆಯನ್ನೂ ಸ್ವತಂತ್ರ ಸಾಕ್ಷಿಯೆಂದು ಎಣಿಸುತ್ತವೆ. ಒಂದು ಕಾಟಿ ಬಿದ್ದರೆ ಹುಲಿ ದಿನಗಟ್ಟಲೆ ತಿನ್ನುತ್ತದೆ, ದಾರಿಯುದ್ದಕ್ಕೂ ಹಿಕ್ಕೆ ಹಾಕುತ್ತದೆ. ಮೇಲಿನ ನೂರೂ ಹಿಕ್ಕೆಗಳು ಬೇಟೆಗೆ ಮೂರರಂತೆ ಬಂದವಾದರೆ 9.23 ಮೂರನೇ ಒಂದಕ್ಕಿಳಿದು 3.08 ಆಗುತ್ತದೆ. ಗಡಿಯ ಹತ್ತಿರಕ್ಕೂ ಬರುವುದಿಲ್ಲ.

ವಿಲಿಯಂ ಲಿಂಕ್ ಮತ್ತು ಉಲ್ಲಾಸ ಕಾರಂತರು 1994ರಲ್ಲಿ 'ಇಕಾಲಜಿ' ಪತ್ರಿಕೆಯಲ್ಲಿ ಕೈಗೆತ್ತಿಕೊಂಡದ್ದು ಈ ಕಾಯಿಲೆಯನ್ನೇ. ಬೇಟೆಯೊಂದಕ್ಕೆ ಬೀಳುವ ಹಿಕ್ಕೆಗಳ ಸಂಖ್ಯೆ ಏರುಪೇರಾಗುತ್ತದೆ, ಪ್ರಾಣಿಸಾಂದ್ರತೆಯೂ ಬರೀ ಅಂದಾಜು. ಇವೆರಡೂ ಸೇರಿ, ಇಲ್ಲದ ಆಯ್ಕೆಯನ್ನು ಇದೆ ಎನ್ನಿಸಿಬಿಡುತ್ತವೆ. ಈ ಏರುಪೇರನ್ನೂ ಒಳಗೊಂಡ ಗಣಿತ ಮಾದರಿಯ ಪ್ರಕಾರ ಕಂಪ್ಯೂಟರಿನಲ್ಲಿ ಮತ್ತೆಮತ್ತೆ ದತ್ತಾಂಶ ಹುಟ್ಟಿಸಿ ಗಡಿಯನ್ನು ಹೊಸದಾಗಿ ಗೊತ್ತುಮಾಡುವುದು ಅವರು ಹೇಳಿದ ಮದ್ದು. ಮರುವರ್ಷ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯ ಹುಲಿಗೆ ಕಾಟಿಯ ಮೇಲೆ ಒಲವಿದೆ ಎಂದು ಬರೆದಾಗ ಆ ಮಾತಿಗೆ ತೂಕ ಬಂದದ್ದು ಇಂಥ ಎಚ್ಚರದಿಂದ.

ನಿರೀಕ್ಷಿತ ಸಂಖ್ಯೆಯ ಮೇಲೆ ನನ್ನ ಗುಮಾನಿ ಇನ್ನೂ ಹೋಗಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸಾರಿಗೆ ಬಸ್ಸಿನಲ್ಲಿ ಹತ್ತುವಾಗ ಬೋಳು ಹುಲ್ಲಿಳಿಜಾರಿನಲ್ಲಿ ಕಾಟಿ ನಿಂತರೆ ಕಿಟಕಿ ಪಕ್ಕದವರಿಗೆಲ್ಲ ಕಾಣುತ್ತದೆ. ಕೆಳಗಿನ ಶೋಲೆಯೊಳಗೆ ಕಡವೆ ಮಲಗಿದ್ದರೆ ಯಾರಿಗೂ ಕಾಣದು. ಮಂಜು ಕವಿದರಂತೂ ಎರಡೂ ಇಲ್ಲ. ಕಂಡಷ್ಟನ್ನೇ ಕೂಡಿದರೆ ಕಾಟಿಯ ನಿರೀಕ್ಷೆ ಉಬ್ಬುತ್ತದೆ, ಹುಲಿಗೆ ಕಾಟಿ ಬೇಡವೆಂಬ ತೀರ್ಪು ಹೊರಬೀಳುತ್ತದೆ. ಸೀಳುದಾರಿಯಲ್ಲಿ ನಡೆದು, ಪ್ರಾಣಿ ಎಷ್ಟು ದೂರದಲ್ಲಿ ಕಂಡಿತೆಂದು ಅಳೆದು, ಕಾಣದೆ ಉಳಿದವನ್ನೂ ಲೆಕ್ಕಕ್ಕೆ ತರುವ ವಿಧಾನ ಇರುವುದು ಇದಕ್ಕೇ. ಆ ನಡಿಗೆ ಎಷ್ಟು ಕಿಲೋಮೀಟರ್, ಯಾವ ತಿಂಗಳಲ್ಲಿ, ಅಂದಾಜಿನ ಏರಿಳಿತ ಎಷ್ಟು ಎಂಬುದನ್ನು ಹೇಳದ ವರದಿಯಲ್ಲಿ ಪಿ-ಮೌಲ್ಯ 0.01 ಇರಲಿ, 0.001 ಇರಲಿ, ಹುಲಿಯ ಬಗ್ಗೆ ನಾನು ಅದರ ಮಾತು ನಂಬಲಾರೆ.