ಹನಿ ಹಾಕಿ ಒತ್ತಡ ಏರಿಸುವ ಪರೀಕ್ಷೆ

ಗ್ಲಾಕೋಮಾ ಬರಬಹುದೆಂಬ ಅನುಮಾನವಿರುವ ಕಣ್ಣಿಗೆ ಔಷಧಿಯ ಹನಿ ಹಾಕಿ, ಬೇಕೆಂದೇ ಒತ್ತಡ ಏರುತ್ತದೆಯೇ ಎಂದು ನೋಡುವ ಪರೀಕ್ಷೆಗಳು ಒಂದು ಕಾಲಕ್ಕೆ ನೇತ್ರವೈದ್ಯರಲ್ಲಿ ದೊಡ್ಡ ಭರವಸೆ ಹುಟ್ಟಿಸಿದ್ದವು. ಅವುಗಳ ಹಿಂದಿನ ತರ್ಕ ಹುಸಿಯಲ್ಲ. ಕಣ್ಣಿನೊಳಗೆ ಸದಾ ಹುಟ್ಟುವ ದ್ರವ ಕಾರ್ನಿಯಾ ಮತ್ತು ಐರಿಸ್ ಕೂಡುವ ಕೋನದ ಮೂಲಕ ಹೊರಗೆ ಹರಿಯುತ್ತದೆ. ಕೆಲವರಲ್ಲಿ ಈ ಕೋನ ಕಿರಿದು. ವಯಸ್ಸಾದಂತೆ ಮಸೂರ ದಪ್ಪಗಾಗಿ ಜಾಗ ಇನ್ನೂ ಇಕ್ಕಟ್ಟಾಗುತ್ತದೆ. ಇಂಥ ಕಣ್ಣಿನಲ್ಲಿ ಪಾಪೆ ಅರ್ಧ ಹಿಗ್ಗಿ ನಿಂತಾಗ ಐರಿಸ್‌ನ ಅಂಚು ಮಸೂರಕ್ಕೆ ಒತ್ತಿಕೊಳ್ಳುತ್ತದೆ. ಹಿಂದಿನ ದ್ರವ ಮುಂದೆ ಬರಲಾರದೆ ಐರಿಸ್ಸನ್ನೇ ಉಬ್ಬಿಸಿ ಕೋನವನ್ನು ಮುಚ್ಚಿಸಬಹುದು. ಹಠಾತ್ತನೆ ಹೀಗಾದರೆ ತಡೆಯಲಾರದ ನೋವು, ವಾಂತಿ. ಚಿಕಿತ್ಸೆ ತಡವಾದರೆ ದೃಷ್ಟಿಯೇ ಹೋಗಬಹುದು. ಆ ಗಳಿಗೆಯನ್ನು ವೈದ್ಯರ ಕಣ್ಣೆದುರಿನಲ್ಲೇ ತರಿಸಿಬಿಟ್ಟರೆ ಅಪಾಯದ ಕಣ್ಣು ಯಾವುದೆಂದು ಮೊದಲೇ ತಿಳಿಯುವುದಿಲ್ಲವೇ?

ಬ್ರಿಟನ್ನಿನ ನೇತ್ರವೈದ್ಯ ಮ್ಯಾಪ್‌ಸ್ಟೋನ್ 1970ರ ದಶಕದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಜಾಣ್ಮೆಯಿಂದ ಎತ್ತಿಕೊಂಡರು. ಪಾಪೆಯನ್ನು ಕುಗ್ಗಿಸುವ ಪೈಲೋಕಾರ್ಪಿನ್, ಹಿಗ್ಗಿಸುವ ಫಿನೈಲೆಫ್ರಿನ್, ಎರಡನ್ನೂ ಒಟ್ಟಿಗೆ ಹಾಕಿದರೆ ಐರಿಸ್‌ನ ಎರಡು ಸ್ನಾಯುಗಳೂ ಏಕಕಾಲಕ್ಕೆ ಎಳೆದು ಪಾಪೆ ನಡುವೆ ನಿಲ್ಲುತ್ತದೆ. ಆಗ ಒತ್ತಡ 8 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಏರಿ, ಕೋನವೂ ಮುಚ್ಚಿದ್ದು ಕಂಡರೆ ಪರೀಕ್ಷೆ ಪಾಸಿಟಿವ್. ಕೋನ ಮುಚ್ಚುವ ಬಗೆಯನ್ನು ಅರ್ಥಮಾಡಿಕೊಳ್ಳಲು ಈ ಕೆಲಸ ನೀಡಿದ ಕೊಡುಗೆ ದೊಡ್ಡದು. ಆದರೆ ರೋಗನಿರ್ಣಯದ ಸಾಧನವಾಗಿ ಅದರ ದೌರ್ಬಲ್ಯ ಇರುವುದೂ ಆ ಜಾಣ್ಮೆಯಲ್ಲೇ. ಕತ್ತಲೆಯಲ್ಲಿ ಕುಳಿತವರ ಕಣ್ಣಿನಲ್ಲಾಗಲಿ, ಗಾಬರಿಗೊಂಡವರ ಕಣ್ಣಿನಲ್ಲಾಗಲಿ ಎರಡು ಔಷಧಿಗಳ ಇಂಥ ಜಗ್ಗಾಟ ನಡೆಯುವುದಿಲ್ಲ. ಔಷಧಿಯ ಬಲವಂತಕ್ಕೆ ಮಣಿದ ಕಣ್ಣು ದಿನನಿತ್ಯದ ಬದುಕಿನಲ್ಲಿ ಎಂದೂ ಮಣಿಯದಿರಬಹುದು. ಈ ದಿನ ತಡೆದುಕೊಂಡ ಕಣ್ಣು ಮುಂದಿನ ವರ್ಷ ಸೋಲಬಹುದು. ಮೇಲಾಗಿ ಶೇ. 10ರ ಫಿನೈಲೆಫ್ರಿನ್ ಹೃದ್ರೋಗಿಗಳಿಗೆ, ರಕ್ತದೊತ್ತಡವಿದ್ದವರಿಗೆ ನಿರಪಾಯಕಾರಿಯಲ್ಲ.

ಇದು ಬರೀ ತರ್ಕದ ಆಕ್ಷೇಪವಲ್ಲ. ಕಿರಿದಾದ ಕೋನದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಮೆರಿಕದ ವಿಲೆನ್ಸ್ಕಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಯಾರ ಕೋನ ಮುಚ್ಚುತ್ತದೆ ಎಂಬುದನ್ನು ಹೀಗೆ ಬೇಕೆಂದೇ ಒತ್ತಡ ಏರಿಸಿ ನೋಡುವ ಪ್ರಚೋದನಾ ಪರೀಕ್ಷೆಗಳು ಸರಿಯಾಗಿ ಮುನ್ಸೂಚಿಸಲಿಲ್ಲ. ನಮ್ಮ ನೆರೆಯ ವೆಲ್ಲೂರಿನ ಅಧ್ಯಯನ ಇನ್ನೊಂದು ಸಂಗತಿ ತೋರಿಸುತ್ತದೆ. ಅಲ್ಲಿ ಅನುಮಾನದ 50 ಮಂದಿಯಲ್ಲಿ 11 ಮಂದಿಗೆ ಐದು ವರ್ಷಗಳಲ್ಲಿ ಕೋನ ಮುಚ್ಚುವ ಸ್ಥಿತಿ ಬಂತು. ಆದರೆ ಆ 50ರಲ್ಲಿ ಯಾರ ದೃಷ್ಟಿನರಕ್ಕೂ ಅದರಿಂದ ಹಾನಿಯಾಗಲಿಲ್ಲ. ಈ ಕಾಯಿಲೆ ನಿಧಾನವಾಗಿ ಹೆಜ್ಜೆಯಿಡುವುದೇ ಹೆಚ್ಚು. ಎರಡು ಗಂಟೆಯ ಪರೀಕ್ಷೆ ಅದನ್ನು ಹಿಡಿಯುವುದಾದರೂ ಹೇಗೆ? ಸ್ಟೀರಾಯ್ಡ್ ಹನಿಯ ಪರೀಕ್ಷೆಯ ಕಥೆಯೂ ಬೇರೆಯಲ್ಲ. 1960ರ ದಶಕದಲ್ಲಿ ಬೆಕರ್, ಆರ್ಮಾಲಿ ಮೊದಲಾದವರು ವಾರಗಟ್ಟಲೆ ಹನಿ ಹಾಕಿ ನೋಡಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಗಮನಾರ್ಹವಾಗಿ ಏರಿತು. ಅವರಲ್ಲಿ ಬಹುಪಾಲಿನವರಿಗೆ ಗ್ಲಾಕೋಮಾ ಬರುವುದಿಲ್ಲ. ಆ ಸಂಶೋಧನೆಯಿಂದ ಉಳಿದ ನಿಜವಾದ ಲಾಭವೆಂದರೆ, ಕಣ್ಣು ತುರಿಸುತ್ತದೆಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ತಂದು ಮಕ್ಕಳಿಗೆ ತಿಂಗಳುಗಟ್ಟಲೆ ಹಾಕಬಾರದೆಂಬ ಎಚ್ಚರಿಕೆ.

ಪ್ರಚೋದನಾ ಪರೀಕ್ಷೆಗಳನ್ನು ನೆಚ್ಚಬಾರದೆಂಬ ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಚೀನಾದ ಗುವಾಂಗ್‌ಝೌನಲ್ಲಿ 889 ಮಂದಿ ಅನುಮಾನಿತರ ಒಂದೊಂದು ಕಣ್ಣಿಗೆ ಮಾತ್ರ, ದ್ರವ ಮುಂದೆ ಬರಲು ಐರಿಸ್‌ನಲ್ಲಿ ಪುಟ್ಟ ರಂಧ್ರ ಕೊರೆಯುವ ಲೇಸರ್ ಚಿಕಿತ್ಸೆ ಮಾಡಿ ಆರು ವರ್ಷ ಗಮನಿಸಿದರು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಲೇಸರ್ ಆದ 19 ಕಣ್ಣುಗಳಲ್ಲಿ, ಆಗದ 36 ಕಣ್ಣುಗಳಲ್ಲಿ ತೊಂದರೆ ಕಾಣಿಸಿತು. ಲೇಸರ್‌ನಿಂದ ಅಪಾಯ ಸುಮಾರು ಅರ್ಧಕ್ಕಿಳಿಯಿತು, ನಿಜ. ಆದರೆ ಹೆಚ್ಚಿನವರಿಗೆ ಅದರ ಅಗತ್ಯವೇ ಇರಲಿಲ್ಲ. ಹಾಗಿದ್ದರೆ ಅಗತ್ಯವಿರುವವರನ್ನು ಬೇರ್ಪಡಿಸುವ ಪರೀಕ್ಷೆ ಬೇಡವೇ? ಖಂಡಿತ ಬೇಕು. ಆದರೆ ಬೇಕೆಂಬ ಕಾರಣಕ್ಕೆ ಕೈಗೆ ಸಿಕ್ಕ ಪರೀಕ್ಷೆ ಒಳ್ಳೆಯದಾಗುವುದಿಲ್ಲ. ಒಂದು ಮಾತನ್ನು ಒಪ್ಪಲೇಬೇಕು: ಪಾಪೆ ಹಿಗ್ಗಿಸಿದಾಗ ಅಥವಾ ಕತ್ತಲಲ್ಲಿ ಬೋರಲು ಮಲಗಿಸಿದಾಗ ಒತ್ತಡ 15 ಮಿಲಿಮೀಟರಿಗಿಂತ ಹೆಚ್ಚು ಏರಿದವರನ್ನು ಆ ಪ್ರಯೋಗಕ್ಕೇ ಸೇರಿಸಿಕೊಂಡಿರಲಿಲ್ಲ. ಅಷ್ಟು ದೊಡ್ಡ ಏರಿಕೆ ಕಂಡರೆ ವೈದ್ಯರು ಅಲಕ್ಷಿಸುವಂತಿಲ್ಲ. ನನ್ನ ತಕರಾರಿರುವುದು ಏರಿಕೆ ಕಾಣದಿದ್ದಾಗ ಕೊಡುವ ಸುಳ್ಳು ನಿರಾಳತೆಯ ಬಗ್ಗೆ.

ಗೋನಿಯೋಸ್ಕೋಪಿಯಲ್ಲಿ ಈ ದೋಷ ಕಡಿಮೆ. ಮರಗಟ್ಟಿಸುವ ಹನಿ ಹಾಕಿ, ಕೋಣೆ ಕತ್ತಲು ಮಾಡಿ, ಕನ್ನಡಿಯಿರುವ ಪುಟ್ಟ ಲೆನ್ಸನ್ನು ಕಣ್ಣಿಗೆ ತಾಗಿಸುತ್ತಾರೆ. ಬೆಳಕಿನ ಗೆರೆ ಪಾಪೆಯ ಮೇಲೆ ಬೀಳಬಾರದು. ಬಿದ್ದರೆ ಪಾಪೆ ಕುಗ್ಗಿ, ಮುಚ್ಚಿದ ಕೋನವೂ ತೆರೆದಂತೆ ಕಾಣುತ್ತದೆ. ಲೆನ್ಸನ್ನು ಮೆಲ್ಲನೆ ಒತ್ತಿದರೆ ಐರಿಸ್ ಸುಮ್ಮನೆ ತಾಗಿಕೊಂಡಿದೆಯೋ, ಅಂಟಿಕೊಂಡೇ ಬಿಟ್ಟಿದೆಯೋ ಗೊತ್ತಾಗುತ್ತದೆ. ಇದಕ್ಕೆ ಪಳಗಿದ ಕೈ, ವ್ಯವಧಾನ ಎರಡೂ ಬೇಕು, ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಅವು ದುರ್ಲಭ ಎನ್ನುವುದು ಸುಳ್ಳಲ್ಲ. ಆ ಕೊರತೆ ನೀಗಬೇಕಾದದ್ದು ತರಬೇತಿಯಿಂದ, ಹನಿಯ ಪರೀಕ್ಷೆಯಿಂದಲ್ಲ. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು, ಒತ್ತಡ ಅಳೆದದ್ದಕ್ಕೇ ತೃಪ್ತರಾಗಿ ಎದ್ದು ಬರಬೇಡಿ. ಕೋನವನ್ನೂ ನೋಡಿದಿರಾ ಎಂದು ವೈದ್ಯರನ್ನು ಕೇಳಿ.